ಕೂಲಂಟ್ ಕೆಲಸ: ಅಂಗಳದಲ್ಲಿ ಮಾಡುವುದೆಷ್ಟು, ಗ್ಯಾರೇಜಿಗೆ ಬಿಡುವುದೆಷ್ಟು?

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. ಮಂಗಳೂರಿರಲಿ, ಉಡುಪಿಯಿರಲಿ, ಒಂದು ಸಣ್ಣ ಕಾರಿನ ಕೂಲಂಟ್, ಅಂದರೆ ಎಂಜಿನ್ ಶಾಖ ಹೊತ್ತೊಯ್ಯುವ ದ್ರವ, ಬದಲಾಯಿಸಲು ಪರಿಚಯದ ಗ್ಯಾರೇಜಿನಲ್ಲಿ ಕೂಲಿ ಅಂತ ಕೊಡುವುದು ಕೆಲವು ನೂರು ರೂಪಾಯಿ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ ಕೂಲಂಟ್, ಕೂಲಿ, ಅದರ ಮೇಲೆ ಜಿಎಸ್‌ಟಿ ಎಲ್ಲ ಸೇರಿ ಬಿಲ್ ಸಾವಿರ ದಾಟುತ್ತದೆ. ನೀವೇ ಮಾಡಿದರೂ ಕೂಲಂಟಿಗೆ ದುಡ್ಡು ಕೊಡಲೇಬೇಕು. ಮೊದಲ ಸಲ ಟ್ರೇ, ಫನೆಲ್, ಕೈಗವಸು ಅಂತ ಇನ್ನೊಂದಷ್ಟು ಹೋಗುತ್ತದೆ. ಉಳಿಯುವುದು ಜಾಸ್ತಿ ಏನಿಲ್ಲ. ಕೆಲವು ವರ್ಷಕ್ಕೊಮ್ಮೆ ಬರುವ ಕೆಲಸ. ಅಷ್ಟು ದುಡ್ಡು ಉಳಿಸಲು ಭಾನುವಾರ ಬೆಳಿಗ್ಗೆ ಕಾರಿನ ಕೆಳಗೆ ಮಲಗಬೇಕಾ ಎಂದು ಕೇಳಿದರೆ, ಬೇಡ ಅಂತಲೇ ಹೇಳುತ್ತೇನೆ.

ಆದರೂ ಮನೆಯಲ್ಲೇ ಮಾಡಿ ಎನ್ನುವುದಕ್ಕೆ ಕಾರಣ ಬೇರೆ ಉಂಟು. ಕರಾವಳಿಯಲ್ಲಿ ರೇಡಿಯೇಟರಿಗೆ, ಅಂದರೆ ಆ ದ್ರವವನ್ನು ತಣಿಸುವ ಜಾಲರಿಗೆ, ಎರಡು ಕಡೆಯಿಂದ ಕಾಟ. ಹೊರಗಿನಿಂದ ಉಪ್ಪಿನ ಗಾಳಿ, ಒಳಗಿನಿಂದ ಸಿಕ್ಕಸಿಕ್ಕ ನೀರು. ಗಡಿಬಿಡಿಯ ಗ್ಯಾರೇಜಿನಲ್ಲಿ ಹುಡುಗರು ಪೈಪ್ ಹಿಡಿದು ನಳ್ಳಿ ನೀರಲ್ಲೇ ತೊಳೆದು, ಅದೇ ನೀರಿಗೆ ಕೂಲಂಟ್ ಬೆರೆಸಿ ತುಂಬಿಸಿದರೆ ನಮಗೆ ಗೊತ್ತಾಗುವುದಿಲ್ಲ. ಬಾನೆಟ್ ಒಳಗಿನ ಕೂಲಂಟ್ ಬಾಟಲಿಯಲ್ಲಿ ಹಸಿರು ಬಣ್ಣ ಕಂಡರೆ ಎಲ್ಲ ಸರಿ ಅನಿಸುತ್ತದೆ. ತೊಂದರೆ ಹೊರಗೆ ಬರುವುದು ಎರಡು ವರ್ಷ ಕಳೆದ ಮೇಲೆ. ಆಗ ಕೇಳುವುದಕ್ಕೆ ಯಾರೂ ಇರುವುದಿಲ್ಲ. ನೀವೇ ಮಾಡಿದರೆ ಒಳಗೆ ಏನು ಹೋಯಿತು ಎಂಬುದಾದರೂ ಖಾತ್ರಿ.

ಇನ್ನೊಂದು ಮಾತು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕೂಲಂಟ್ ಬದಲಾವಣೆ ಕಂಪನಿ ಸೆಂಟರಿನಲ್ಲೇ ಆಗಲಿ, ಬಿಲ್ ಜೋಪಾನ ಮಾಡಿ. ನಾಳೆ ಎಂಜಿನ್‌ಗೆ ಏನಾದರೂ ಆದರೆ ಆ ಬಿಲ್ಲಿಗೆ ಬೆಲೆ ಇದೆ.

ನೀರಿನ ವಿಷಯ

"ನಮ್ಮ ಬಾವಿ ನೀರು ಫಸ್ಟ್ ಕ್ಲಾಸ್ ಮಾರಾಯ್ರೇ, ಅದನ್ನೇ ಹಾಕಿದರೆ ಎಂತ?" ಈ ಮಾತು ಎಲ್ಲ ಕಡೆ ಕೇಳುತ್ತೇವೆ. ಕುಡಿಯಲು ಫಸ್ಟ್ ಕ್ಲಾಸ್ ಇರಬಹುದು, ಎಂಜಿನ್‌ಗೆ ಅಲ್ಲ. ಸಮುದ್ರದ ಹತ್ತಿರದ ಬಾವಿಗಳಲ್ಲಿ ಏಪ್ರಿಲ್ ಮೇ ಬಂದರೆ ನೀರಿಗೆ ಉಪ್ಪಿನ ರುಚಿ ಸೇರುವುದು ಇಲ್ಲಿನವರಿಗೆ ಗೊತ್ತಿರುವುದೇ. ಒಳನಾಡಿನ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶ. ನೀರು ಹಿಡಿದಿಟ್ಟ ಬಾಲ್ದಿಯೇ ಕೆಂಪಾಗುತ್ತದೆ. ತುಂಬೆಯಿಂದ ಮಂಗಳೂರಿಗೆ ಬರುವ ನೇತ್ರಾವತಿಯ ನೀರು, ಬಜೆಯಿಂದ ಉಡುಪಿಗೆ ಬರುವ ಸ್ವರ್ಣಾ ನದಿಯ ನೀರು, ಎರಡಕ್ಕೂ ಕ್ಲೋರಿನ್ ಹಾಕಿಯೇ ಕೊಡುತ್ತಾರೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದು ಕಾದಾಗ ಒಳಗೆ ಬಿಳಿ ಕಿಟ್ಟ ಕಟ್ಟುತ್ತದೆ.

ಈಗಿನ ರೇಡಿಯೇಟರ್‌ಗಳ ಕೊಳವೆ ಅಲ್ಯೂಮಿನಿಯಂನದು, ತುಂಬಾ ತೆಳು. ನೀರಿನ ಉಪ್ಪು ಅಲ್ಯೂಮಿನಿಯಂ ಅನ್ನು ಸಣ್ಣ ಸಣ್ಣ ತೂತಾಗುವ ಹಾಗೆ ತಿನ್ನುತ್ತದೆ. ಕಿಟ್ಟ ಕಟ್ಟುವುದು ಎಂಜಿನ್‌ನಲ್ಲಿ ಅತಿ ಬಿಸಿಯಾಗುವ ಜಾಗದಲ್ಲೇ, ಅಂದರೆ ಸಿಲಿಂಡರ್ ಹೆಡ್‌ನಲ್ಲಿ. ಹಾಗಾಗಿ ಡಿಸ್ಟಿಲ್ಡ್ ವಾಟರ್ ಬಿಟ್ಟರೆ ಬೇರೆ ನೀರು ಬೇಡ. ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನ್ ಸಿಗುತ್ತದೆ, ದುಬಾರಿಯೂ ಅಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು ಹಾಕುವವರಿದ್ದಾರೆ. ಅದು ಆವಿಯಿಂದ ಬಂದ ನೀರೇ ಹೌದು, ಆದರೆ ಧೂಳು ಕೂತ ಕಾಯಿಲ್ ಮೇಲೆ ಹರಿದು ಬರುತ್ತದೆ. ಅಗ್ಗಕ್ಕೆ ಶುದ್ಧ ನೀರು ಸಿಗುವಾಗ ಆ ಉಸಾಬರಿ ಯಾಕೆ?

ಯಾವ ಕೂಲಂಟ್?

ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಎಂದರೆ ಬರೀ ಡೈ. ಸಾಮಾನ್ಯವಾಗಿ ಹಳೆಯ ಕಾಲದ ಹಸಿರು ಕೂಲಂಟಿನ ಆಯುಸ್ಸು 2 ವರ್ಷ ಅಥವಾ 40,000 ಕಿ.ಮೀ. ಇರುತ್ತದೆ. ಹೊಸ ಬಗೆಯ ಲಾಂಗ್ ಲೈಫ್ ಕೂಲಂಟ್‌ಗಳು 5 ವರ್ಷ, ಅದಕ್ಕೂ ಹೆಚ್ಚು ಬರುತ್ತವೆ. ಆದರೆ ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಿನ ಹಾಗೇ ಇರಬೇಕೆಂದಿಲ್ಲ. ಟೊಯೊಟಾದ ಸೂಪರ್ ಲಾಂಗ್ ಲೈಫ್ ಗುಲಾಬಿ ಬಣ್ಣದ್ದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು. ಎರಡು ಬಗೆ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ, ಕೆಲವು ಸಲ ಒಳಗೆ ಗಸಿ ಕಟ್ಟುತ್ತದೆ.

ಅಂಗಡಿಯಲ್ಲಿ ಎರಡು ತರಹ ಕೊಡುತ್ತಾರೆ. ಒಂದು ನೀರು ಬೆರೆಸಿಯೇ ಬರುವ ಪ್ರೀಮಿಕ್ಸ್, ಇನ್ನೊಂದು ನಾವೇ ನೀರು ಬೆರೆಸಬೇಕಾದ ಕಾನ್ಸಂಟ್ರೇಟ್. ಕಾನ್ಸಂಟ್ರೇಟ್ ಬಾಟಲಿಯಲ್ಲಿ ಕೆಲವರು ಒಂದಕ್ಕೆ ಒಂದು ಎಂದು ಬರೆದಿರುತ್ತಾರೆ, ಕೆಲವರು ಒಂದಕ್ಕೆ ಮೂರು. ಓದದೆ ತರಬೇಡಿ.

ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಹಾಗಾದರೆ ಕೂಲಂಟ್, ನೀರು ಅರ್ಧಕ್ಕರ್ಧ ಯಾಕೆ ಎನ್ನುವ ಪ್ರಶ್ನೆ ನ್ಯಾಯದ್ದೇ. ಹೆಪ್ಪುಗಟ್ಟದಂತೆ ತಡೆಯುವ ಗುಣ ನಮಗೆ ಬೇಕಾಗಿಲ್ಲ. ಬೇಕಾಗಿರುವುದು ತುಕ್ಕು ತಡೆಯುವ ಔಷಧ, ಮತ್ತೆ ಬೇಗ ಕುದಿಯದ ಗುಣ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧಕ್ಕರ್ಧ ಬೆರೆಸಿದ್ದು ತೆರೆದ ಪಾತ್ರೆಯಲ್ಲಿ ಸುಮಾರು 107ರ ಹತ್ತಿರ. ಮೇಲೆ ರೇಡಿಯೇಟರ್ ಕ್ಯಾಪ್ ಕುಕ್ಕರ್ ವೆಯ್ಟ್‌ನ ಹಾಗೆ ಒತ್ತಡ ಹಿಡಿದಿಡುವುದರಿಂದ ಅದು 125 ದಾಟಿದರೂ ಕುದಿಯುವುದಿಲ್ಲ. ಹಾಗಂತ ನೀರೇ ಇಲ್ಲದೆ ಬರೀ ಕಾನ್ಸಂಟ್ರೇಟ್ ಸುರಿದರೆ ಉಲ್ಟಾ ಹೊಡೆಯುತ್ತದೆ. ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರೇ ಮುಂದು.

ತಿಂಗಳಿಗೊಮ್ಮೆ ನೋಡುವುದು

ಈ ಭಾಗವನ್ನು ಯಾವ ಗ್ಯಾರೇಜೂ ನಿಮಗಾಗಿ ಮಾಡಿಕೊಡುವುದಿಲ್ಲ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ. ಬಾಟಲಿಯ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಬಣ್ಣ ತಿಳಿಯಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿದರೆ ತುಕ್ಕು, ಮೇಲೆ ಎಣ್ಣೆ ಪಸೆ ತೇಲಿದರೆ ದೊಡ್ಡ ರೋಗ. ಹೋಸ್‌ಗಳನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಉಬ್ಬಿದ್ದು, ಒಣಗಿ ಚಟಚಟ ಅನ್ನುವುದು ಎರಡೂ ಬದಲಾಯಿಸುವ ಹೊತ್ತು ಬಂದ ಲಕ್ಷಣ. ಕ್ಲಾಂಪ್ ಹತ್ತಿರ ಬಿಳಿ ಅಥವಾ ಹಸಿರು ಹುಡಿ ಅಂಟಿಕೊಂಡಿದ್ದರೆ ಅಲ್ಲಿ ಸ್ವಲ್ಪ ಸ್ವಲ್ಪವೇ ಸೋರುತ್ತಿದೆ. ಕ್ಯಾಪ್ ತೆಗೆದು ಅದರ ರಬ್ಬರ್ ವಾಷರ್ ಬಿರಿದಿದೆಯಾ ನೋಡಿ. ಅನುಮಾನವಿದ್ದರೆ ಹೊಸ ಕ್ಯಾಪ್ ಹಾಕಿಬಿಡಿ. ಆದರೆ ಹಳೆಯದರ ಮೇಲೆ 0.9 ಅಥವಾ 1.1 ಎಂದು ಏನು ಬರೆದಿದೆಯೋ ಅದೇ ಒತ್ತಡದ್ದು ಬೇಕು.

ಬಿಸಿ ಎಂಜಿನ್‌ನ ಕ್ಯಾಪ್ ಯಾವತ್ತೂ ತೆಗೆಯಬೇಡಿ. ಬಟ್ಟೆ ಹಿಡಿದು ನಿಧಾನ ತಿರುಗಿಸಿದರೆ ಆಗುತ್ತದೆ ಎನ್ನುವವರ ಮಾತೂ ಕೇಳಬೇಡಿ. ಒತ್ತಡ ಇಳಿದ ಕೂಡಲೇ ಒಳಗಿನದ್ದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಇತ್ತೀಚಿನ ಅನೇಕ ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿ ಕಾದರೆ ಕೆಂಪು ದೀಪ, ನಡುವೆ ಏನೂ ಇಲ್ಲ. ಕೆಂಪು ಬರುವಾಗ ಹೆಚ್ಚಾಗಿ ತಡವಾಗಿರುತ್ತದೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಒಂದು ತಂದು ಮೊಬೈಲಿಗೆ ಜೋಡಿಸಿದರೆ ಕೂಲಂಟ್ ಎಷ್ಟು ಡಿಗ್ರಿ ಇದೆ ಎಂದು ಗೊತ್ತಾಗುತ್ತದೆ. ಈ ಕೆಲಸಕ್ಕೆ ಕೊಳ್ಳುವ ಸಾಮಾನಿನಲ್ಲಿ ನನಗೆ ಅತಿ ಉಪಯೋಗದ್ದು ಅನಿಸುವುದು ಇದೇ.

ಉಪ್ಪು, ಕೆಂಪು ಮಣ್ಣು, ಹುಳ

ಪಣಂಬೂರು, ಉಳ್ಳಾಲ, ಸುರತ್ಕಲ್, ಕಾಪು, ಮಲ್ಪೆ ಕಡೆ ಮನೆಯಿದ್ದರೆ ರೇಡಿಯೇಟರ್‌ನ ತೆಳು ರೆಕ್ಕೆಗಳು, ಅಂದರೆ ಫಿನ್‌ಗಳು, ಹುಡಿಯಾಗಿ ಉದುರುವುದನ್ನು ನೋಡಿಯೇ ಇರುತ್ತೀರಿ. ಅವು ಉದುರಿದರೆ ಕೂಲಂಟ್ ಎಷ್ಟು ಒಳ್ಳೆಯದಿದ್ದರೂ ಶಾಖ ಹೊರಗೆ ಹೋಗುವುದಿಲ್ಲ. ಮಳೆಗಾಲ ಮುಗಿಯುವಾಗ ಕೆಂಪು ಮಣ್ಣು ಅವುಗಳ ನಡುವೆ ಒಣಗಿ ಕೂತಿರುತ್ತದೆ. ರಾತ್ರಿ ಹೈವೇಯಲ್ಲಿ ಓಡಿಸಿದರೆ ಹುಳಗಳೂ ಸೇರುತ್ತವೆ.

ಇದಕ್ಕೆ ಸಾದಾ ನೀರು ಸಾಕು. ಹೊರಗಿನ ತೊಳೆತಕ್ಕೆ ನಳ್ಳಿ ನೀರಾದರೂ ಅಡ್ಡಿಯಿಲ್ಲ. ಎಂಜಿನ್ ತಣ್ಣಗಾದ ಮೇಲೆ, ಸಾಧ್ಯವಾದರೆ ಎಂಜಿನ್ ಕಡೆಯಿಂದ ಮುಂದಕ್ಕೆ ಹೋಗುವ ಹಾಗೆ, ಮೆಲ್ಲಗೆ ಪೈಪ್ ಹಿಡಿಯಿರಿ. ಗಾಳಿ ಒಳಗೆ ನುಗ್ಗಿಸಿದ ಕಸ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಮುಂದೆ ಕಾಣುವ ಜಾಲರಿ ಎಸಿ ಕಂಡೆನ್ಸರ್, ರೇಡಿಯೇಟರ್ ಅದರ ಹಿಂದೆ. ಎರಡರ ನಡುವಿನ ಸಂದಿಯಲ್ಲೇ ಕಸ ಜಾಸ್ತಿ. ಫ್ಯಾನ್ ಮೋಟರ್ ಮೇಲೆ ನೀರು ಬಿಡಬೇಡಿ. ವಾಟರ್ ವಾಶ್ ಅಂಗಡಿಯ ಪ್ರೆಶರ್ ಗನ್ ಹತ್ತಿರವೂ ಬೇಡ. ಫಿನ್‌ಗಳು ಒಂದೇ ಹೊಡೆತಕ್ಕೆ ಮಡಚಿ ಹೋಗುತ್ತವೆ.

ಕೂಲಂಟ್ ಬದಲಾಯಿಸುವುದು

ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ. ಸೆಕೆ ಏರುವ ಮೊದಲು, ರಜೆಗೆ ಘಟ್ಟ ಹತ್ತುವ ಮೊದಲು. ಬೇಕಾದದ್ದು: ಅಗಲ ಟ್ರೇ, ಅಳತೆ ಗುರುತಿರುವ ಖಾಲಿ ಕ್ಯಾನ್‌ಗಳು, ಫನೆಲ್, ಪ್ಲೈಯರ್, ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ಕೈಗವಸು, ಹಳೆ ಬಟ್ಟೆ. ಕಾರಿನ ಕೆಳಗೆ ಹೋಗಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ, ಚಕ್ರಕ್ಕೆ ಕಲ್ಲು ಕೊಡಿ.

1. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಮುಟ್ಟಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಕೆಲವು ಕಾರುಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳಿಗೆ ಅಪಾಯ.

2. ಕ್ಯಾಪ್ ತೆಗೆಯಿರಿ. ರೇಡಿಯೇಟರ್ ಮೇಲೆ ಕ್ಯಾಪ್ ಇಲ್ಲದೆ, ಪ್ಲಾಸ್ಟಿಕ್ ಟ್ಯಾಂಕಿಗೇ ತಿರುಪಿನ ಮುಚ್ಚಳ ಇರುವ ಕಾರುಗಳೂ ಇವೆ. ಅವುಗಳಲ್ಲಿ ತುಂಬಿಸುವುದೂ ಅಲ್ಲಿಂದಲೇ.

3. ರೇಡಿಯೇಟರ್ ಕೆಳಗಿನ ಡ್ರೈನ್ ಕಾಕ್ ಹುಡುಕಿ. ಹೆಚ್ಚಾಗಿ ಪ್ಲಾಸ್ಟಿಕ್‌ನದು. ಟ್ರೇ ಇಟ್ಟು ಮೆಲ್ಲಗೆ ತಿರುಗಿಸಿ. ಹಳೆ ಕಾರಾಗಿದ್ದು ಅದು ಅಲುಗಾಡದಿದ್ದರೆ ಬಲ ಹಾಕಬೇಡಿ. ತುಂಡಾದರೆ ಕೂಲಂಟ್ ಕೆಲಸ ಹೋಗಿ ರೇಡಿಯೇಟರ್ ಕೆಲಸವಾಗುತ್ತದೆ. ಕೆಳಗಿನ ಹೋಸ್‌ನ ಕ್ಲಾಂಪ್ ಸಡಿಲಿಸಿ ಅಲ್ಲಿಂದ ಇಳಿಸಿ.

4. ಬಂದದ್ದನ್ನು ಕ್ಯಾನ್‌ಗೆ ಹಾಕಿ ಅಳೆಯಿರಿ. ಇದನ್ನು ಬಿಡಬೇಡಿ. ಪುಸ್ತಕದಲ್ಲಿ 4 ಲೀಟರ್ ಎಂದಿದ್ದು ಹೊರಗೆ ಬಂದದ್ದು ಎರಡೂವರೆ ಲೀಟರ್ ಎಂದಿಟ್ಟುಕೊಳ್ಳಿ. ಉಳಿದ ಒಂದೂವರೆ ಲೀಟರ್ ಎಂಜಿನ್ ಬ್ಲಾಕಿನಲ್ಲಿ, ಹೀಟರಿನಲ್ಲಿ ಹಾಗೇ ನಿಂತಿದೆ.

5. ಬಂದ ದ್ರವ ತಿಳಿಯಾಗಿದ್ದರೆ ತೊಳೆಯುವ ಗೋಜಿಲ್ಲ. ಕಾಕ್ ಮುಚ್ಚಿ ಅದೇ ಬಗೆಯ ಪ್ರೀಮಿಕ್ಸ್ ತುಂಬಿಸಿ. ಕಂದು ಬಣ್ಣ ಬಂದರೆ ಮಾತ್ರ ಫ್ಲಶ್. ಅಂದರೆ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಬ್ಯಾಟರಿ ಜೋಡಿಸಿ, ಕ್ಯಾಪ್ ಹಾಕಿ, ಮೇಲಿನ ಹೋಸ್ ಬಿಸಿಯಾಗುವ ತನಕ ಎಂಜಿನ್ ಓಡಿಸಿ, ಪೂರ್ತಿ ತಣಿಯಲು ಬಿಟ್ಟು ಮತ್ತೆ ಇಳಿಸುವುದು. ನೀರು ತಿಳಿಯಾಗುವ ತನಕ ಇದೇ ಸುತ್ತು. ಒಂದೊಂದು ಸುತ್ತಿಗೂ ಗಂಟೆಗಟ್ಟಲೆ ಕಾಯಬೇಕು. ತುಕ್ಕು ಜಾಸ್ತಿ ಇದ್ದರೆ ಇಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಕೊಡುವುದು ಜಾಣತನ. ಹಳೆಯ ರೇಡಿಯೇಟರಿಗೆ ಫ್ಲಶ್ ಕೆಮಿಕಲ್ ಹಾಕಬೇಡಿ. ತೂತು ಮುಚ್ಚಿಕೊಂಡಿದ್ದ ಕಿಟ್ಟವೂ ಕರಗಿ ಸೋರಲು ಶುರುವಾಗಬಹುದು.

6. ಈಗ ಲೆಕ್ಕ. ಫ್ಲಶ್ ಮಾಡಿದ್ದರೆ ಬ್ಲಾಕಿನೊಳಗೆ ಒಂದೂವರೆ ಲೀಟರ್ ಬರೀ ನೀರಿದೆ. ಅದರ ಮೇಲೆ ಅರ್ಧಕ್ಕರ್ಧದ ಪ್ರೀಮಿಕ್ಸ್ ಎರಡೂವರೆ ಲೀಟರ್ ಹಾಕಿದರೆ ಒಟ್ಟಿನಲ್ಲಿ ಕೂಲಂಟಿನ ಪಾಲು ಶೇ. 31ಕ್ಕೆ ಇಳಿಯುತ್ತದೆ. ಅದಕ್ಕೇ ಫ್ಲಶ್ ಆದ ಮೇಲೆ ಒಂದಕ್ಕೆ ಒಂದು ಎಂದಿರುವ ಕಾನ್ಸಂಟ್ರೇಟ್ ಬಳಸಿ. ಒಟ್ಟು 4 ಲೀಟರಿನ ಅರ್ಧ, ಅಂದರೆ 2 ಲೀಟರ್ ಕಾನ್ಸಂಟ್ರೇಟ್ ಮೊದಲು ಸುರಿಯಿರಿ. ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಎಷ್ಟೋ ಕಡೆ ಎಡವುವುದು ಈ ಲೆಕ್ಕದಲ್ಲೇ.

7. ನಿಧಾನವಾಗಿ ಸುರಿಯಿರಿ. ನಡುನಡುವೆ ಮೇಲಿನ, ಕೆಳಗಿನ ಹೋಸ್‌ಗಳನ್ನು ಹಿಚುಕಿ. ಗುಳುಗುಳು ಎಂದು ಗಾಳಿ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಕಾರಿನ ಮೂತಿ ಸ್ವಲ್ಪ ಎತ್ತರದಲ್ಲಿದ್ದರೆ ಗಾಳಿ ಬೇಗ ಹೊರಡುತ್ತದೆ. ಮಂಗಳೂರಿನಲ್ಲಿ ಏರಿಗೆ ಬರವಿಲ್ಲ, ಆದರೆ ರಸ್ತೆಯಲ್ಲಿ ಬೇಡ, ಕಂಪೌಂಡಿನೊಳಗೇ ಇರಲಿ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಂತು ಧಾರೆ ಬರುವ ತನಕ ತೆರೆದಿಡಿ.

8. ಬ್ಯಾಟರಿ ಜೋಡಿಸಿ. ಎಸಿ ಆಫ್ ಮಾಡಿ, ಹೀಟರ್ ನಾಬ್ ಪೂರ್ತಿ ಕೆಂಪು ಬದಿಗೆ ತಿರುಗಿಸಿ. ನಮ್ಮೂರಲ್ಲಿ ಆ ಬದಿಗೆ ನಾಬ್ ಹೋಗುವುದೇ ಅಪರೂಪ, ಗಟ್ಟಿಯಾಗಿ ಕೂತಿದ್ದರೆ ಅವಸರ ಬೇಡ. ತೆರೆದ ಜಾಗದಲ್ಲಿ ಎಂಜಿನ್ ಓಡಲಿ, ಆಕ್ಸಿಲರೇಟರ್ ಒತ್ತಬೇಡಿ. ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಹೊತ್ತಿಗೆ ತೆರೆಯುತ್ತದೆ. ಆಗ ರೇಡಿಯೇಟರಿನಲ್ಲಿ ಮಟ್ಟ ಸರ್ರನೆ ಇಳಿಯುತ್ತದೆ. ತುಂಬಿಸಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಮುಖ ದೂರ ಇರಲಿ. ಟ್ಯಾಂಕಿಗೆ ಮುಚ್ಚಳವಿರುವ ಕಾರುಗಳಲ್ಲಿ ಮಾತ್ರ ಪುಸ್ತಕದಲ್ಲಿ ಹೇಳಿದ ಕ್ರಮವೇ ಸರಿ.

9. ಫ್ಯಾನ್ ಶುರುವಾಗಿ ನಿಲ್ಲುವ ತನಕ ಕಾದು ನೋಡಿ. ಫ್ಯಾನ್ ತಿರುಗಲೇ ಇಲ್ಲ, ಡಿಗ್ರಿ ಏರುತ್ತಲೇ ಇದೆ ಎಂದಾದರೆ ಎಂಜಿನ್ ಬಂದ್ ಮಾಡಿ.

ಮರುದಿನ ಬೆಳಿಗ್ಗೆ ಬಾಟಲಿಯ ಮಟ್ಟ ಸ್ವಲ್ಪ ಇಳಿದಿರುತ್ತದೆ, ಅದು ಸಹಜ. ಸೇರಿಸಿ. ಒಂದು ವಾರ ದಿನಾ ನೋಡಿ. ಆ ವಾರ ಊರಲ್ಲೇ ಓಡಿಸಿ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುವ ಪ್ರೋಗ್ರಾಂ ಮುಂದಕ್ಕೆ ಹಾಕಿ. ಒಳಗೆ ಗಾಳಿ ಉಳಿದಿದ್ದರೆ ಅದು ತೊಂದರೆ ಕೊಡುವುದು ಏರಿನಲ್ಲೇ.

ಹಳೆ ಕೂಲಂಟ್ ಎಲ್ಲಿಗೆ?

ತೋಡಿಗಂತೂ ಅಲ್ಲ, ತೆಂಗಿನ ಬುಡಕ್ಕೂ ಅಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಾರು ನಿಲ್ಲಿಸುವ ಅಂಗಳಕ್ಕೂ ಬಾವಿಕಟ್ಟೆಗೂ ಹತ್ತು ಹೆಜ್ಜೆ ದೂರ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಯಲ್ಲಿ ಸಿಹಿ. ನಾಯಿ ಬೆಕ್ಕುಗಳು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಚೆಲ್ಲಿದ್ದನ್ನು ಮರದ ಹುಡಿ ಹಾಕಿ ಒರೆಸಿ ತೆಗೆಯಿರಿ. ಬಾಕಿಯದ್ದನ್ನು ಬಿಗಿ ಮುಚ್ಚಳದ ಕ್ಯಾನಿನಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜನ್ನು ಕೇಳಿ ಕೊಡಿ. ಆಯಿಲ್ ಜೊತೆ ಬೆರೆಸಬೇಡಿ. ಕೊಡಲು ಜಾಗವೇ ಇಲ್ಲ ಅನಿಸಿದರೆ, ಈ ಒಂದೇ ಕಾರಣಕ್ಕೆ ಕೆಲಸವನ್ನು ಗ್ಯಾರೇಜಿಗೆ ಕೊಟ್ಟರೂ ತಪ್ಪಿಲ್ಲ.

ಗ್ಯಾರೇಜಿನದ್ದೇ ಕೆಲಸ

ಕೂಲಂಟ್ ಕಡಿಮೆಯಾಗುತ್ತಿದೆ, ಎಲ್ಲಿ ಸೋರುತ್ತಿದೆ ಗೊತ್ತಾಗುತ್ತಿಲ್ಲ ಎಂದಾದರೆ ಪ್ರೆಶರ್ ಟೆಸ್ಟ್ ಬೇಕು. ಕ್ಯಾಪ್ ಜಾಗಕ್ಕೆ ಕೈಪಂಪು ಕೂರಿಸಿ ಒತ್ತಡ ಕೊಟ್ಟರೆ ಸೋರುವ ಜಾಗ ತಾನೇ ಕಾಣುತ್ತದೆ. ವಾಟರ್ ಪಂಪ್ ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಹಿಂದೆ ಇರುತ್ತದೆ, ಅಂಗಳದಲ್ಲಿ ಅದಕ್ಕೆ ಕೈ ಹಾಕಬೇಡಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡುತ್ತಿರುವುದು, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೇ ಇರುವುದು, ಇವು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್, ಕಡೆ ಬೆರಳು ತೋರಿಸುತ್ತವೆ. ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ. ಹೈಬ್ರಿಡ್ ಕಾರುಗಳಲ್ಲಿ, ಎಲೆಕ್ಟ್ರಿಕ್ ಪಂಪ್ ಇರುವ ಕೆಲವು ಹೊಸ ಎಂಜಿನ್‌ಗಳಲ್ಲಿ ಗಾಳಿ ತೆಗೆಯಲು ಸ್ಕ್ಯಾನರ್ ಬೇಕಾಗುತ್ತದೆ, ಅವೂ ಸರ್ವಿಸ್ ಸೆಂಟರಿಗೇ.

ಹಳೆಯ ಹಿತ್ತಾಳೆ ರೇಡಿಯೇಟರನ್ನು ಬೆಸುಗೆ ಹಾಕಿ ಸರಿ ಮಾಡುತ್ತಿದ್ದರು. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಜೋಡಣೆಯದ್ದಕ್ಕೆ ತೇಪೆ ನಿಲ್ಲುವುದು ಕಷ್ಟ, ಹೊಸದೇ ಹಾಕಿಸಿ. ಸೋರುವುದಕ್ಕೆ ಅರಿಶಿನ ಹುಡಿ ಹಾಕುವ ಮದ್ದು ಇನ್ನೂ ಚಾಲ್ತಿಯಲ್ಲಿದೆ. ತೂತು ಮುಚ್ಚಬಹುದು, ಜೊತೆಗೆ ಹೀಟರಿನ ಸಪೂರ ಕೊಳವೆಗಳನ್ನೂ ಮುಚ್ಚುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಹೋಸ್ ಸೋರಿ ನಿಂತರೆ ಮಾತು ಬೇರೆ. ಎಂಜಿನ್ ನಿಲ್ಲಿಸಿ, ಮುಕ್ಕಾಲು ಗಂಟೆಗೆ ಕಡಿಮೆ ಇಲ್ಲದ ಹಾಗೆ ತಣಿಯಲು ಬಿಡಿ. ಕೈಗೆ ಬಿಸಿ ತಾಗುವಷ್ಟು ಇದ್ದರೆ ಇನ್ನೂ ಕಾಯಿರಿ. ಆಮೇಲೆ ತೊರೆಯ ನೀರಾದರೂ ಹಾಕಿ ಊರು ಸೇರಿ. ಮನೆಗೆ ಬಂದ ಮೇಲೆ ಅದನ್ನು ಇಳಿಸಿದರಾಯಿತು. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯಬಹುದು.

ಕೆಲವು ಮೆಕ್ಯಾನಿಕ್‌ಗಳು "ನಮ್ಮೂರ ಸೆಕೆಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡುವ" ಎನ್ನುತ್ತಾರೆ. ಒಪ್ಪಬೇಡಿ. ಎಂಜಿನ್ ಬೇಕಾದಷ್ಟು ಬಿಸಿಯೇರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ಫ್ಯಾನನ್ನು ಡೈರೆಕ್ಟ್ ಮಾಡಿ ಸದಾ ತಿರುಗುವ ಹಾಗೆ ಮಾಡುವುದೂ ಹೀಗೇ; ಸೆನ್ಸರೋ ರಿಲೇಯೋ ಕೆಟ್ಟಿದ್ದನ್ನು ಅಡಗಿಸಿಡುವ ಉಪಾಯ ಅಷ್ಟೆ.

ಗ್ಯಾರೇಜಿಗೆ ಕೊಡುವುದೇ ಆದರೆ ಡಿಸ್ಟಿಲ್ಡ್ ವಾಟರಿನ ಕ್ಯಾನ್, ಸೀಲ್ ಒಡೆಯದ ಕೂಲಂಟ್ ನೀವೇ ತೆಗೆದುಕೊಂಡು ಹೋಗಿ. ಹೆಚ್ಚಿನ ಮೆಕ್ಯಾನಿಕ್‌ಗಳಿಗೆ ಇದರಿಂದ ಬೇಸರವಿಲ್ಲ, "ಅಣ್ಣಾ, ಇದೇ ನೀರು ಹಾಕಿ" ಎಂದರೆ ಹಾಕುತ್ತಾರೆ. ಎಷ್ಟು ಲೀಟರ್ ಹೊರಗೆ ಬಂತು, ಎಷ್ಟು ಒಳಗೆ ಹೋಯಿತು ಎಂದು ಕೇಳಿ, ಕಿಲೋಮೀಟರ್ ಜೊತೆ ಬಿಲ್ ಮೇಲೇ ಬರೆಸಿ. ಹೋಸ್, ಕ್ಯಾಪ್, ಥರ್ಮೋಸ್ಟಾಟ್ ಏನು ಬದಲಾಯಿಸಿದರೂ ಹಳೆಯದನ್ನು ವಾಪಸ್ ಕೇಳಿ ಪಡೆಯಿರಿ.